ಡಬ್ಬದಲ್ಲಿ ತಾರಾನಾಥ

ನನ್ನ ಹಳೇ ಆಂಪ್ಲಿಫೈಯರಿನ ಹೊಟ್ಟೆಯಲ್ಲಿ, ಫ್ಯೂಸಿನ ಪಕ್ಕ
ಒಂದು ಬಿಸ್ಕೆಟ್ ಡಬ್ಬ ಉಂಟು.
ಅದರೊಳಗೆ ಸಭೆಯಿಂದ ವೇದಿಕೆಗೆ ಬಂದ ಚೀಟಿಗಳು,
ಮೂವತ್ತೊಂದು ವರ್ಷದ್ದು.
ಅವನು ಓದಿ ಎಸೆಯುತ್ತಿದ್ದ. ನಾನು ಮೈಕ್ ಸೆಟ್ಟಿನವ,
ಬಿದ್ದದ್ದನ್ನು ಹೆಕ್ಕಿ ಅಭ್ಯಾಸ.

‘ಸಿನೆಮಾದ್ದು ಹಾಡಿ.’
ಇದು ಮೊದಲನೆಯದ್ದು. ಉರ್ವ ಮೈದಾನ, ಎಂಬತ್ತೇಳರ ಚೌತಿ.
ಬಂದರಿನಲ್ಲಿ ಹಡಗಿನವನೊಬ್ಬ ಮಾರಿ ಹೋದ ಗಿಟಾರು,
ಆರನೇ ತಂತಿ ಇರಲಿಲ್ಲ, ಆ ಜಾಗಕ್ಕೆ
ಸೈಕಲ್ ಬ್ರೇಕಿನ ಕೇಬಲ್ಲಿನಿಂದ ಒಂದೆಳೆ.
ಶ್ರುತಿಗೆ ನಿಲ್ಲುತ್ತಿರಲಿಲ್ಲ ಅದು,
ಜಗಳಕ್ಕಾದರೆ ನಿಲ್ಲುತ್ತಿತ್ತು.

ಬೊಕ್ಕಪಟ್ಣದ ಚಾವಡಿಯಲ್ಲಿ ಅವನ ಅಮ್ಮ, ಸುಂದರಿ ಬಂಗೇರ್ತಿ,
ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುವಳು.
ಗದ್ದೆ ಹೋಗಿ ಎಷ್ಟೋ ಕಾಲ,
ನೇಜಿಯ ಹಾಡು ಮಾತ್ರ ಬಾಯಿಂದ ಹೋಗಿರಲಿಲ್ಲ:
ಓಬೇಲೆಯ ಒಂದು ಎಳೆತ, ಎಲೆಗೆ ಕತ್ತರಿ, ಕಚ್;
ಇನ್ನೊಂದು ಎಳೆತ, ಕಚ್ ಕಚ್.
‘ಕತ್ತರಿಗೆ ಒಂದು ಮೈಕ್ ಇಡು ಮಾರಾಯ’ ಅಂದ ತಾರಾನಾಥ.
ಇಟ್ಟೆ. ಅವನ ಕ್ಯಾಸೆಟ್ಟು ಶುರುವಾಗುವುದೇ ಹಾಗೆ.

ಹಂಪನಕಟ್ಟೆಯ ಬಟ್ಟೆ ಅಂಗಡಿಯ ಮೇಲಿನ ಕೋಣೆ,
ಕಿಟಕಿಗೆ ಹಾಸಿಗೆ ಕಟ್ಟಿ ರೆಕಾರ್ಡು ಮಾಡಿದ್ದು.
ಆದರೂ ಮೂರನೇ ಹಾಡಿನ ನಡುವೆ ಕಂಡಕ್ಟರನೊಬ್ಬ
‘ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್’.
ಅಳಿಸುವುದಾ ಎಂದೆ.
‘ಇರಲಿ, ಅವ ತಾಳದಲ್ಲಿದ್ದಾನೆ.’

ಐನೂರರಲ್ಲಿ ಹೋದದ್ದು ಇನ್ನೂರ ಹನ್ನೆರಡು.
ಉಳಿದವುಗಳ ಸುರುಳಿ ಬಿಚ್ಚಿ ಪಡುಬಿದ್ರೆಯ ಅವನ ಭಾವ
ಕಲ್ಲಂಗಡಿ ಗದ್ದೆಯ ಸುತ್ತ ಕಟ್ಟಿದ, ಹಕ್ಕಿ ಹೆದರಲಿಕ್ಕೆ.
ಬಿಸಿಲಿಗೆ ಮಿಂಚುತ್ತ ಕಡಲ ಗಾಳಿಗೆ ಗುಂಯ್‌ಗುಟ್ಟುತ್ತ
ಎರಡೂ ಬದಿಯ ಹಾಡು.
ಹಕ್ಕಿಗಳು ಹೆದರಲಿಲ್ಲ.
ತಾರಾನಾಥನಿಗೆ ಅದೊಂದು ಖುಷಿ.

‘ಗಿಟಾರು ತಗ್ಗಿಸಿ, ಮಾತು ಕೇಳುವುದಿಲ್ಲ.’
‘ಮಾತು ಸಾಕು, ಗಿಟಾರು ಏರಿಸಿ.’
ಎರಡೂ ಒಂದೇ ರಾತ್ರಿಯವು, ಕಾರ್ಕಳ.
‘ಪಾಡ್ದನಕ್ಕೆ ಡ್ರಮ್ಮು ಎಂತಕ್ಕೆ?’
ಕೆಳಗೆ ಮೂವರು ಮಾಸ್ತರರ ಸಹಿ.

ಮತ್ತೆ ಇದು. ಎಣ್ಣೆ ತಾಗಿದ ಕಾಗದ, ನೋಡಿ:
‘ಬಿಳಿ ಓಮ್ನಿ ಗೇಟಿಗೆ ಅಡ್ಡ ಉಂಟು, ಕೂಡಲೇ ತೆಗೆಯಿರಿ.’
ಮಲ್ಪೆಯಲ್ಲಿ, ಸುಮ್ಮನೆ ಕೀಟಲೆಗೆ
ಅದನ್ನೇ ರಾಗ ಎಳೆದು ಹಾಡಿದ.
ಸಭೆ ಎದ್ದು ಕುಣಿಯಿತು.
ಓಮ್ನಿಯವನೂ ಕುಣಿದ, ಗಾಡಿ ತೆಗೆಯಲಿಲ್ಲ.

ಆಮೇಲಿನ ಅರ್ಧ ಡಬ್ಬ ಬರೀ ಅದು.
‘ಓಮ್ನಿ.’ ‘ಓಮ್ನಿ ಹಾಡಿ.’ ‘ಮಗುವಿನ ಹುಟ್ಟುಹಬ್ಬ, ಓಮ್ನಿ.’
ಮಸ್ಕತ್ತಿನ ಸಂಘದವರು ವಿಮಾನದ ಟಿಕೇಟು ಕಳಿಸಿದ್ದು ಅದಕ್ಕೇ.
ಹನ್ನೊಂದು ದಿನ ಕೂತು ಬರೆದ ಹಾಡುಗಳಿದ್ದವು ಅವನಲ್ಲಿ:
ಹಂಚಿನ ಕಾರ್ಖಾನೆಯ ಸೈರನ್ನಿನದ್ದು,
ಬಲೆ ಹೆಣೆಯುವ ಅಜ್ಜನ ಕುರುಡು ಬೆರಳಿನದ್ದು.
ಗ್ರೀನ್ ರೂಮಿನಲ್ಲಿ ಅವನ್ನು ನನಗೆ ಹಾಡುತ್ತಿದ್ದ.
ನಾನು ವೈರು ಸುತ್ತುತ್ತ ಕೇಳುತ್ತಿದ್ದೆ.

‘ಅಮ್ಮ ಹೋದರು. ಮುಗಿಸಿ ಬಾ.’
ಕಾಪುವಿನಲ್ಲಿ ತಂಗಿಯ ಗಂಡ ತಂದ ಚೀಟಿ.
ಓದಿದ, ಉಳಿದವುಗಳ ಹಾಗೆಯೇ ಎಸೆದ.
ಮುಂದಿನ ಹಾಡು ಓಮ್ನಿ.
ಜನ ಕುಣಿದರು. ನಾನು ಎಕೋ ಬಂದ್ ಮಾಡಿದೆ,
ಅಷ್ಟೇ ನನಗೆ ತೋಚಿದ್ದು.

ವೆನ್ಲಾಕಿನ ಡಾಕ್ಟರು ಕೇಳಿದರಂತೆ, ಬೀಡಿ ಎಷ್ಟು?
ಒಂದೂ ಇಲ್ಲ ಅಂದದ್ದು ಅವರು ನಂಬಲಿಲ್ಲ.
ಗಂಟಲು ಕೊಯ್ದರು.

ಈಗ ಚೀಟಿ ಬರೆಯುವುದು ಅವನು.
ನನ್ನ ಮಿಕ್ಸರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ,
ಕಿಸೆಯಲ್ಲಿ ಬಸ್ಸಿನ ಟಿಕೇಟು, ಗಿಡ್ಡ ಪೆನ್ಸಿಲು.
‘ಬೇಸ್ ಜಾಸ್ತಿ.’
‘ಆ ಹುಡುಗನಿಗೆ ನೀರು ಕೊಡು.’
‘ಊಟ ಎಂತ ಉಂಟಂತೆ?’

ಮೊನ್ನೆ ಸುರತ್ಕಲ್ಲಿನ ಹುಡುಗರು, ಅವನು ಕೂತದ್ದು ಗೊತ್ತಿಲ್ಲದೆ,
ಕ್ಯಾಸೆಟ್ಟಿನ ಮೊದಲ ಹಾಡು ಎತ್ತಿದರು.
ಎಲ್ಲಿಂದ ಸಿಕ್ಕಿತೋ, ಕಲ್ಲಂಗಡಿ ಗದ್ದೆಯಿಂದಲೋ ಏನೋ.
ಚೀಟಿ ಬಂತು: ‘ಕತ್ತರಿ ಇಲ್ಲ.’

ಟೂಲ್ ಬಾಕ್ಸಿನಲ್ಲಿ ವೈರು ಕತ್ತರಿಸುವ ಇಕ್ಕಳ ಇತ್ತು, ಕೊಟ್ಟೆ.
ಒಂದು ಮೈಕ್ ಎಳೆದು ಅವನ ಮೊಣಕಾಲ ಹತ್ತಿರ ಇಟ್ಟೆ.
ಕಚ್. ಕಚ್ ಕಚ್.
ತಾಳ ತುಸು ಮುಂದೆ ಓಡುತ್ತಿತ್ತು,
ಅವನದ್ದು ಮೊದಲಿನಿಂದಲೂ ಹಾಗೆಯೇ.